ಕಂಬಿಯ ಮೇಲಿನ ಮಫ್ಲರ್

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ಕೇಟ್ ಕಟ್ಟಿಕೊಂಡರೆ ಗೋಡೆ ಹಿಡಿದು ನಿಲ್ಲುವವನು ನಾನು. ಅಂಥವನು ನನ್ನ ಮದುವೆಯ ಮಾತನ್ನು ಒಯ್ದು ಒಂದು ಐಸ್ ಹಾಕಿ ತಂಡದ ತಲೆಗೆ ಕಟ್ಟಿದೆ. "ನಮ್ಮ ತಂಡ ಮೇಲಿನ ಲೀಗ್‌ಗೆ ಹತ್ತಿದ ದಿನ ಟಿಕೆಟ್ ಬುಕ್ ಮಾಡ್ತೀನಿ, ನಿನ್ನ ಹತ್ರ ಬಂದ್ಬಿಡ್ತೀನಿ" ಅಂದೆ. ಅದನ್ನೂ ನನ್ನ ದನಿಯಲ್ಲಿ ಹೇಳಲಿಲ್ಲ. ಆ ತಂಡದ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಮೈಕ್ ಹಿಡಿಯುವ ಮುದುಕನ ದನಿಯಲ್ಲಿ, ಮೂಗಿನಿಂದ ಹೇಳಿದೆ.

ಅವಳು ನಕ್ಕಳು. ನನ್ನ ಮಿಮಿಕ್ರಿಗೆ ಅವಳು ಯಾವಾಗಲೂ ನಗುತ್ತಿದ್ದಳು. ಅದೇ ನನ್ನನ್ನು ಕೆಡಿಸಿದ್ದು.

ಸ್ವೀಡನ್ನಿನ ಉತ್ತರದ ಒಂದು ಪುಟ್ಟ ಊರಿನಲ್ಲಿ ನಾನು ಎರಡು ವರ್ಷ ಓದಿದೆ. ನಾನು ಮೈಸೂರಿನವನು. ಅವಳು ಧಾರವಾಡದವಳು, ಸ್ವೀಡನ್ನಿನ ಅದೇ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಆ ಊರಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವಳ ಲೆಕ್ಕದಲ್ಲಿ ಒಬ್ಬಳಿಗೆ ಮಾತ್ರ: "ನಿಮ್ಮ ಮೈಸೂರಿನ್ಯಾಗ ಮಾತಾಡ್ತೀರೋ, ಜೋಗುಳ ಹಾಡ್ತೀರೋ?"

ನವೆಂಬರಿನಿಂದ ಫೆಬ್ರವರಿಯವರೆಗೆ ಮಧ್ಯಾಹ್ನವೇ ಕತ್ತಲಾಗುವ ಊರು. ಬೆಳಕಿದ್ದದ್ದು ರಿಂಕ್‌ನಲ್ಲಿ, ಬೆಚ್ಚಗಿನ ಕಾಫಿಯಿದ್ದದ್ದೂ ಅಲ್ಲೇ. ಗೋಲಿನ ಹಿಂದೆ ನಿಂತು ನೋಡುವವರ ಜಾಗದಲ್ಲಿ ಸೀಟುಗಳಿಲ್ಲ, ಎದೆಮಟ್ಟದ ಕಬ್ಬಿಣದ ಕಂಬಿಯಷ್ಟೇ. ಕಂಬಿಗೆ ಮಫ್ಲರ್ ಸುತ್ತಿದ್ದರೆ ಆ ಜಾಗದವರು ಬರುತ್ತಾರೆಂದು ಅರ್ಥ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದು ಬೆಳೆದವರಿಗೆ ಇದನ್ನೇನೂ ಕಲಿಸಬೇಕಾಗಲಿಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಮಫ್ಲರನ್ನು ಪಕ್ಕಕ್ಕೆ ಸರಿಸಿ "ನಾನೇ ಮೊದಲು ನೋಡಿದ್ದು" ಎಂದು ಜಗಳಕ್ಕೆ ನಿಲ್ಲುವವರಿಲ್ಲ.

ಓದು ಮುಗಿದು ಅಮೆರಿಕದ ಜರ್ಸಿ ಸಿಟಿಯಲ್ಲಿ ಕೆಲಸ ಸಿಕ್ಕಾಗ ಆ ಟಿಕೆಟ್ಟಿನ ಮಾತನ್ನೂ ನನ್ನ ಮಫ್ಲರನ್ನೂ ಅವಳಿಗೆ ಕೊಟ್ಟು ಬಂದೆ. ಪ್ರತಿ ಪಂದ್ಯಕ್ಕೂ ಅವಳು ಅದನ್ನು ತನ್ನ ಪಕ್ಕದ ಕಂಬಿಗೆ ಸುತ್ತಿ, ಒಂದು ಫೋಟೋ ಕಳಿಸುತ್ತಿದ್ದಳು. ನೀಲಿ ಬಿಳಿ ಪಟ್ಟೆಯ ಮಫ್ಲರ್, ಅದರಾಚೆ ಮಂಜುಗಡ್ಡೆ, ಮಧ್ಯೆ ನಾನಿಲ್ಲದ ಒಂದೂವರೆ ಅಡಿ ಜಾಗ.

ಅಲ್ಲಿ ಸಂಜೆ ಏಳಾದಾಗ ಇಲ್ಲಿ ಮಧ್ಯಾಹ್ನ ಒಂದು. ಪಂದ್ಯವಿರುವ ದಿನ ಬಾಡಿಗೆ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಹಾಗೆ ನಟಿಸುತ್ತಿದ್ದೆ. ನಟನೆ ನನಗೆ ಕಷ್ಟವೇ? ಲ್ಯಾಪ್‌ಟಾಪಿನಲ್ಲಿ ಆಟ, ಕಿವಿಯಲ್ಲಿ ಅವಳ ಫೋನು. ಮಾರ್ಚಿನಲ್ಲಿ ಅಮೆರಿಕದವರು ಗಡಿಯಾರವನ್ನು ಯುರೋಪಿಗಿಂತ ಕೆಲವು ವಾರ ಮೊದಲೇ ಮುಂದಕ್ಕೆ ತಿರುಗಿಸುತ್ತಾರೆ. ಆ ವಾರಗಳಲ್ಲಿ ನಮ್ಮಿಬ್ಬರ ನಡುವೆ ಆರು ಗಂಟೆಯ ಬದಲು ಐದೇ ಗಂಟೆಯ ದೂರ. ಒಂದು ಗಂಟೆ ಹತ್ತಿರ ಬಂದೆ ಎಂದು ಹೇಳಿ ನಾನು ಹಿಗ್ಗುತ್ತಿದ್ದೆ. "ವರ್ಷಕ್ಕ ಒಂದು ತಾಸು ಸರದ್ರ ಯಾವಾಗ ಮುಟ್ತೀಯಪಾ?" ಎನ್ನುತ್ತಿದ್ದಳು ಅವಳು.

ನನ್ನ ರೂಮ್‌ಮೇಟ್ ಇಲ್ಲೇ ಹತ್ತಿರದ ಹಿಲ್ಸ್‌ಬರೋದಲ್ಲಿ ಹುಟ್ಟಿದ ಕನ್ನಡದ ಹುಡುಗ. ಅವನ ಕನ್ನಡ ಊಟಕ್ಕೆ ಮತ್ತು ಬೈಗುಳಕ್ಕೆ ಮೀಸಲು. ನಾನು ಉಗುರು ಕಚ್ಚುವುದನ್ನು ನೋಡಿ ಒಂದು ದಿನ ಕೇಳಿದ, "ಬ್ರೋ, ಸೋತ್ರೆ ಏನಾಗತ್ತೆ?"

"ಗೆದ್ದವರು ಮೇಲಿನ ಲೀಗ್‌ಗೆ ಹೋಗ್ತಾರೆ. ಕೊನೆಗೆ ಉಳಿದವರನ್ನ ಕೆಳಗಿನ ಲೀಗ್‌ಗೆ ತಳ್ತಾರೆ."

"ವೇಟ್, ವಾಟ್? ಟೀಮನ್ನೇ ಹೊರಗೆ ಹಾಕ್ತಾರಾ? ಇಲ್ಲಿ ಲಾಸ್ಟ್ ಬಂದೋರಿಗೆ ಮುಂದಿನ ವರ್ಷ ಒಳ್ಳೇ ಪ್ಲೇಯರ್‌ನ ಫಸ್ಟ್ ಪಿಕ್ ಮಾಡೋಕೆ ಬಿಡ್ತಾರೆ. ಲಾಸ್ಟ್ ಬಾ, ಗಿಫ್ಟ್ ತಗೋ. ದಿಸ್ ಈಸ್ ಜಸ್ಟ್ ಮೀನ್, ಮ್ಯಾನ್!"

ಅವನನ್ನು ಅಣಕಿಸಿ ಅವಳಿಗೆ ಹೇಳಿದೆ. ಆದರೆ ಆ ಮಾತು ನನ್ನೊಳಗೆ ಕೂತಿತು. ಎಷ್ಟು ಸಲ ಸೋತರೂ ಜಾಗ ಹೋಗುವುದಿಲ್ಲ ಎನ್ನುವುದು ಎಂಥ ಸುಖ!

ಮೊದಲ ವರ್ಷ ನಮ್ಮ ತಂಡ ಕೊನೆಯ ಸುತ್ತಿಗೆ ಬಂದು ಸೋತಿತು. ಅವಳು ಫೋನಿನಲ್ಲಿ ಬಿಕ್ಕಿದಳು. ನಾನೂ ಬಿಕ್ಕಿದೆ, ಅಥವಾ ಬಿಕ್ಕುವವನನ್ನು ಮಿಮಿಕ್ ಮಾಡಿದೆ. ಫೋನಿಟ್ಟ ಮೇಲೆ ಎದೆ ಯಾಕೆ ಹಗುರವಾಯಿತು ಎಂದು ಕೇಳಿಕೊಳ್ಳಲು ಹೋಗಲಿಲ್ಲ. ಇಲ್ಲಿ ಕೆಲಸದ ವೀಸಾ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಗೆ ಹೋದರೆ ಕೆಲಸವಿಲ್ಲ, ಭಾಷೆ ಅರೆಬರೆ. ಎರಡನೆಯ ವರ್ಷ ತಂಡ ಇನ್ನೂ ಕೆಳಕ್ಕೆ ಬೀಳುವುದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಆ ವರ್ಷ ನನಗೆ ಟಿಕೆಟ್ಟಿನ ಯೋಚನೆಯೇ ಬರಲಿಲ್ಲ. ನೆನಪಿಗೆ ಬಂದದ್ದು ಆ ಕಂಬಿಯ ತಣ್ಣನೆಯ ಸ್ಪರ್ಶ, ಅವಳ ಕೈಗವಸಿನಿಂದ ಬರುತ್ತಿದ್ದ ಏಲಕ್ಕಿ ಬನ್ನಿನ ವಾಸನೆ. ಹಡ್ಸನ್ ನದಿಯ ದಂಡೆಯಲ್ಲಿ ಗಾಳಿಗೆ ಕಣ್ಣಲ್ಲಿ ನೀರು ಬಂದಾಗ, ಗಾಳಿಗೇ ಬಂತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೂರನೆಯ ವರ್ಷ ತಂಡಕ್ಕೆ ಏನು ಬಂತೋ, ಗೆಲ್ಲುತ್ತಲೇ ಹೋಯಿತು. ನಿರ್ಣಾಯಕ ಪಂದ್ಯ ಸಮವಾಗಿ ಹೆಚ್ಚುವರಿ ಆಟಕ್ಕೆ ಹೋಯಿತು. ಮೊದಲ ಗೋಲ್ ಯಾರದೋ ಅವರಿಗೇ ಮೇಲಿನ ಲೀಗ್.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಲ್ಯಾಪ್‌ಟಾಪಿನ ಚಿತ್ರ ಅವಳ ಫೋನಿಗಿಂತ ಅರ್ಧ ನಿಮಿಷ ತಡ. ಆದ್ದರಿಂದ ಪ್ರತಿ ಗೋಲೂ ನನಗೆ ಮೊದಲು ಕೇಳುತ್ತಿತ್ತು, ಆಮೇಲೆ ಕಾಣುತ್ತಿತ್ತು. ಆ ದಿನ ಕಿವಿಯಲ್ಲಿ ರಿಂಕ್ ಇಡೀ ಸಿಡಿಯಿತು. ಪರದೆಯ ಮೇಲೆ ನಮ್ಮ ಆಟಗಾರ ಇನ್ನೂ ಮಧ್ಯದ ಗೆರೆ ದಾಟಿರಲಿಲ್ಲ.

"ಹತ್ತಿದ್ವೋ ಮಂಗ್ಯಾ! ಹತ್ತಿದ್ವಿ!" ಅವಳು ಕಿರುಚಿದಳು. ಆಮೇಲೆ, ಆ ಗದ್ದಲದ ನಡುವೆ ಬಾಯಿಯನ್ನು ಫೋನಿಗೆ ಒತ್ತಿಕೊಂಡು, ಮೆಲ್ಲಗೆ: "ಟಿಕೆಟ್ ಯಾವಾಗಿಂದು?"

ಪರದೆಯ ಮೇಲೆ ಅವನು ಗೋಲಿನತ್ತ ನುಗ್ಗುತ್ತಿದ್ದ. ನನ್ನ ಪಾಲಿಗೆ ಗೋಲ್ ಇನ್ನೂ ಆಗಿರಲಿಲ್ಲ. ಆ ಅರ್ಧ ನಿಮಿಷದೊಳಗೆ ನುಸುಳಿಕೊಂಡು, ಮೈಕಿನ ಮುದುಕನ ದನಿ ತೆಗೆದೆ: "ಮಹನೀಯರೇ, ಮಹಿಳೆಯರೇ! ಹತ್ತೋದು ದೊಡ್ಡದಲ್ಲ. ತಂಡ ಒಂದು ವರ್ಷ ಮೇಲೆ ನಿಂತು ತೋರಿಸಲಿ, ಆಮೇಲೆ ಟಿಕೆಟ್!"

ಅವಳು ನಗಲಿಲ್ಲ. "ನಿನ್ನ ದನಿಯೊಳಗ ಹೇಳು" ಅಂದಳು.

ಬಾಯಿ ತೆರೆದೆ. ಆಫೀಸಿನ ಮ್ಯಾನೇಜರನ ದನಿ ಬಂತು, ನಮ್ಮಪ್ಪನ ಕೆಮ್ಮು ಬಂತು. ನನ್ನದನ್ನು ಎಲ್ಲಿಟ್ಟಿದ್ದೇನೆಂದು ಹುಡುಕುತ್ತಿರುವಾಗಲೇ ಪರದೆಯ ಮೇಲೆ ಗೋಲ್ ಆಯಿತು. ರೂಮ್‌ಮೇಟ್ ಸೋಫಾದಿಂದ ಹಾರಿ ಬಿದ್ದು ಕುಣಿದ. ಫೋನು ಕಟ್ಟಾಗಿತ್ತು.

ಬೇಸಿಗೆಯಲ್ಲಿ ಮಾತುಗಳು ಚಿಕ್ಕವಾದವು. ಸೆಪ್ಟೆಂಬರಿನಲ್ಲಿ ಮೇಲಿನ ಲೀಗಿನ ಮೊದಲ ಪಂದ್ಯದ ದಿನ ನಾನು ಒಂದು ಗಂಟೆಗೇ ಸಿದ್ಧನಾಗಿ ಕೂತೆ. ಫೋಟೋ ಬರಲಿಲ್ಲ. ಕ್ಯಾಮೆರಾ ಗೋಲಿನ ಹಿಂದಕ್ಕೆ ತಿರುಗಿದಾಗಲೆಲ್ಲ ಆಟ ನಿಲ್ಲಿಸಿ, ಚಿತ್ರ ಹಿಗ್ಗಿಸಿ ನೋಡಿದೆ. ಕಂಬಿಯುದ್ದಕ್ಕೂ ಜನ. ವಿರಾಮದಲ್ಲಿ ಫೋನ್ ಮಾಡಿ, ಜೀವನದಲ್ಲಿ ಮೊದಲ ಸಲ ಯಾರನ್ನೂ ಅಣಕಿಸದೆ ಕೇಳಿದೆ, "ನನ್ನ ಮಫ್ಲರ್ ಎಲ್ಲಿ?"

"ಮನ್ಯಾಗ ಐತಿ, ಪೋಸ್ಟ್‌ನ್ಯಾಗ ಕಳಸ್ತೀನಿ. ಮೂರು ವರ್ಷ ಹಿಡದಿದ್ದೆ, ಸಾಕು. ನಿನ್ನ ಜಾಗದಾಗ ಒಬ್ಬ ಅಜ್ಜ ನಿಂತಾನ. ಗೋಲ್ ಆದ್ರ ತನ್ನ ದನೀಲೆ ಒದರತಾನ."