ಹನ್ನೊಂದನೇ ದಿನಕ್ಕೆ ಬಂದ ಲಾರಿ

"ನಾಳೆ ಬೆಳಿಗ್ಗೆ ಎಷ್ಟೊತ್ಗೆ ಬತ್ತೀರಿ?"

ಹೋದ ಶುಕ್ರವಾರ ಸಂಜೆ ನಾಲ್ಕೂವರೆಗೆ ನನ್ನ ಹೆಂಡತಿ ಚಿಕ್ಕತಾಯಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ನಾನು ಆಗ ಕೇರಳದ ಸುಲ್ತಾನ್ ಬತ್ತೇರಿಯ ಒಂದು ಟೀ ಅಂಗಡಿಯಲ್ಲಿದ್ದೆ. ಬಾಯಲ್ಲಿ ಬಾಳೆಹಣ್ಣಿನ ಬಜ್ಜಿ ಇತ್ತು. ಅದು ಅಲ್ಲೇ ನಿಂತಿತು.

"ನಾಳೆ ಯಾಕೆ? ತೊಟ್ಟಿಲು ಭಾನುವಾರ ಅಲ್ವಾ?" ಎಂದೆ.

"ಯಾರ್ ಯೋಳಿದ್ರು ಭಾನುವಾರ ಅಂತ?"

ಯಾರೂ ಹೇಳಿರಲಿಲ್ಲ. ನಾನೇ ಎಣಿಸಿದ್ದೆ. ಮೊಮ್ಮಗಳು ಹುಟ್ಟಿದ್ದು ಗುರುವಾರ. ಗುರುವಾರ ಒಂದು, ಶುಕ್ರವಾರ ಎರಡು, ಹೀಗೆ ಹನ್ನೊಂದನೇ ದಿನ ಭಾನುವಾರ. ದಾರಿಯುದ್ದಕ್ಕೂ ಸೈಕಲ್ ಹ್ಯಾಂಡಲ್ ಮೇಲೆ ಬೆರಳು ಮಡಚಿ ಎಣಿಸಿದ್ದೇ ಎಣಿಸಿದ್ದು. ತಪ್ಪಲು ಸಾಧ್ಯವೇ ಇಲ್ಲ.

"ಕೂಸು ಉಟ್ಟಿದ್ದು ಎಷ್ಟೊತ್ಗೆ?" ಹೆಂಡತಿ ಕೇಳಿದಳು.

"ಬೆಳಗಿನ ಜಾವ ನಾಲ್ಕಕ್ಕೆ."

"ಆಗ ಹೊತ್ತು ಉಟ್ಟಿತ್ತಾ? ಹೊತ್ತು ಉಟ್ಟಿದ್ಮೇಲಲ್ವಾ ಗುರುವಾರ? ಅದು ಬುಧವಾರದ್ ರಾತ್ರಿ ಲೆಕ್ಕ. ಮೂರ್ ಮಕ್ಳ ತಂದೆ ಆಗಿ ಇಷ್ಟೂ ಗೊತ್ತಿಲ್ವಾ ನಿಮ್ಗೆ?"

ನೋಡಿ, ಎಡವಟ್ಟು ಇಲ್ಲಿ ಆಗಿದೆ. ಆಸ್ಪತ್ರೆಯವರ ಚೀಟಿಯಲ್ಲಿ ಗುರುವಾರ. ನಮ್ಮ ಮನೆಯ ಹೆಂಗಸರ ಲೆಕ್ಕದಲ್ಲಿ ಬುಧವಾರ. ನಾನು ಚೀಟಿಯನ್ನು ನಂಬಿದೆ. (ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಸೈಕಲ್ ಪಂಪು ಹಿಡಿದವನು ನಾನು. ಅಚ್ಚಾದದ್ದೆಲ್ಲ ಸತ್ಯ ಎಂಬ ಭಯಭಕ್ತಿ ಇನ್ನೂ ಹೋಗಿಲ್ಲ.)

ಪತ್ರಿಕೆಯಲ್ಲಿ ನಾನು ಬರೆಯುವ ಈ ಜಾಗ ಮೂರು ವಾರ ಖಾಲಿ ಇದ್ದುದನ್ನು ನೀವು ಗಮನಿಸಿರಬಹುದು. ಅಷ್ಟೂ ದಿನ ನಾನು ಸೈಕಲ್ ಮೇಲಿದ್ದೆ. ಜೊತೆಗೆ ಸ್ನೇಹಿತ ಶಿವಮಲ್ಲಪ್ಪ. ನಾನು ಹರವೆ ಕಡೆಯವನು, ಅವನು ಕುದೇರಿನವನು. ಚಾಮರಾಜನಗರದ ನನ್ನ ಬಾಡಿಗೆ ಸೈಕಲ್ ಅಂಗಡಿಗೆ ಓದುವ ದಿನಗಳಲ್ಲಿ ಬರುತ್ತಿದ್ದ. ಆಮೇಲೆ ಗುಂಡ್ಲುಪೇಟೆ ಸೇರಿ ತರಕಾರಿ ವ್ಯಾಪಾರ ಹಿಡಿದ. ಈಗ ಮಗ ಮಹೇಶ ನೋಡಿಕೊಳ್ಳುತ್ತಾನೆ. ಅವರ ಲಾರಿಗಳು ದಿನಾ ಈರುಳ್ಳಿ, ಟೊಮೆಟೊ ತುಂಬಿಕೊಂಡು ಕೇರಳಕ್ಕೆ ಹೋಗುತ್ತವೆ, ಖಾಲಿ ಕ್ರೇಟು ತುಂಬಿಕೊಂಡು ಬರುತ್ತವೆ.

ಅರವತ್ತೇಳು ದಾಟಿದ ಇಬ್ಬರು ಕಾರವಾರದಿಂದ ಕೋಝಿಕ್ಕೋಡಿನವರೆಗೆ ಕಡಲಿನ ಪಕ್ಕದಲ್ಲೇ ಸೈಕಲ್ ತುಳಿದು, ಅಲ್ಲಿಂದ ಘಟ್ಟ ಹತ್ತಿ ಊರಿಗೆ ಬರುತ್ತೇವೆ ಅಂದರೆ ಜನ ನಗದೆ ಇರುತ್ತಾರಾ? ಹೊರಡುವ ದಿನ ಮಾರ್ಕೆಟ್ಟಿನಲ್ಲಿ ಎಲ್ಲರ ಮುಂದೆ ಮಹೇಶನೇ ಅಂದ:

"ಅಪ್ಪಾಜಿ, ಉಡುಪಿ ದಾಟೋದ್ರೊಳ್ಗೆ ಫೋನ್ ಮಾಡ್ತೀರಿ ನೀವು. ಲಾರಿ ಕಳುಸ್ತೀನಿ ಬುಡಿ."

ಮಾರ್ಕೆಟ್ಟೆಲ್ಲ ಗೊಳ್ಳೆಂದಿತು. ಶಿವಮಲ್ಲಪ್ಪ ನಗಲಿಲ್ಲ. "ಲಾರಿ ಹತ್ತಿದ್ರೆ ನನ್ನ ಹೆಸ್ರು ಶಿವಮಲ್ಲ ಅಲ್ಲ ಕಣ್ಲಾ" ಎಂದು, ಕಾರವಾರದ ರೈಲು ಹಿಡಿಯಲು ಪೆಡಲ್ ಮೇಲೆ ಕಾಲಿಟ್ಟ.

ಉಡುಪಿ ದಾಟಿತು. ಮಂಗಳೂರು ದಾಟಿತು. ಎದುರುಗಾಳಿ ಬೀಸಿದಾಗ ಇಳಿದು ನಡೆದೆವು. ಉಪ್ಪುಗಾಳಿಗೆ ಚೈನು ಒಂದೇ ದಿನಕ್ಕೆ ಕೆಂಪಗಾಗುತ್ತಿತ್ತು, ದಿನಾ ಸಂಜೆ ಒರೆಸಿ ಎಣ್ಣೆ ಬಿಡುವುದು ನನ್ನ ಕೆಲಸ. ಮೀನಿನ ವಾಸನೆ ಇಲ್ಲದ ಹೋಟೆಲ್ ಹುಡುಕುವುದು ಅವನ ಕೆಲಸ. ಲಿಂಗ ಕಟ್ಟಿದವನಿಗೆ ಕಡಲ ತೀರದಲ್ಲಿ ಊಟ ಹೊಂದಿಸುವುದು ಅಂದರೆ ಕಡಲು ದಾಟಿದಷ್ಟೇ ಕಷ್ಟ. ಅಕ್ಕಿಹಿಟ್ಟಿನ ಪುಟ್ಟು, ಬಾಳೆಹಣ್ಣು, ಮತ್ತೆ ಪುಟ್ಟು, ಮತ್ತೆ ಬಾಳೆಹಣ್ಣು.

ಸುದ್ದಿ ಬಂದದ್ದು ಪಯ್ಯನ್ನೂರಿನಲ್ಲಿ. ಮಗಳ ಹೆರಿಗೆಗೆ ಇನ್ನೂ ಮೂರು ವಾರ ಇದೆ ಎಂದಿದ್ದರು. ಬೆಳಿಗ್ಗೆ ಏಳಕ್ಕೆ ಚಿಕ್ಕತಾಯಮ್ಮ ಫೋನ್ ಮಾಡಿ, "ಎಣ್ ಮಗ ಕಣ್ರೀ, ತಾಯಿ ಮಗ ಇಬ್ರೂ ಚೆಂದಾಗವ್ರೆ" ಎಂದಳು. ನಾನೇನು ಮಾಡಿದೆ ಗೊತ್ತಾ? ರಸ್ತೆ ಪಕ್ಕ ನಿಂತು ಸೈಕಲ್ ಬೆಲ್ ಹೊಡೆದೆ. ಕೈ ನೋಯುವವರೆಗೆ ಹೊಡೆದೆ. ಮೂರು ಮಕ್ಕಳಿಗೆ ಮದುವೆ ಮಾಡಿ ಎಷ್ಟು ವರ್ಷ ಕಾದಿದ್ದೇವೆ! ಇದು ನಮ್ಮ ಮನೆಯ ಮೊದಲ ಮೊಮ್ಮಗು.

ರೈಲು ಹತ್ತಿ ಬಂದುಬಿಡಲಾ ಎಂದೆ. "ಬಂದು ಏನ್ ಮಾಡೀರಿ? ಅನ್ನೊಂದನೇ ದಿನಕ್ಕೆ ಬನ್ನಿ ಸಾಕು" ಎಂದಳು. ನಮ್ಮ ಮನೆಯಲ್ಲಿ ಹನ್ನೊಂದನೇ ದಿನ ಪುರುಡು ಕಳೆದು ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಹಾಕುವ ಮುಂಚೆ ಸೊಂಟಕ್ಕೆ ಕರಿಯ ಉಡುದಾರ ಕಟ್ಟಬೇಕು. ಕಟ್ಟಬೇಕಾದವನು ತಾಯಿಯ ತಂದೆ, ಅಂದರೆ ನಾನು. ನನ್ನ ಮಗಳಿಗೆ ನನ್ನ ಮಾವ ಕಟ್ಟಿದ್ದರು. ತಾತ ಇಲ್ಲದಿದ್ದರೆ ಮನೆಯ ಇನ್ನೊಬ್ಬ ಗಂಡಸು ಕಟ್ಟಬಹುದು. ಆದರೆ ತಾತ ಗಟ್ಟಿಯಾಗಿ ಬದುಕಿರುವಾಗ?

ಅಲ್ಲಿಂದ ಮುಂದೆ ನಾನು ಸೈಕಲ್ ತುಳಿದೆನೋ ಫೋಟೋ ತೋರಿಸುತ್ತಾ ಬಂದೆನೋ ನನಗೇ ಗೊತ್ತಿಲ್ಲ. ಮೊಬೈಲಿಗೆ ಬಂದ ಆ ಒಂದು ಫೋಟೋವನ್ನು ಬಲೆ ಹೆಣೆಯುವವರಿಗೆ ತೋರಿಸಿದೆ, ಪಂಚರ್ ಅಂಗಡಿಯವನಿಗೆ ತೋರಿಸಿದೆ, ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ನಿಂತಿದ್ದ ಪೊಲೀಸಪ್ಪನಿಗೂ ತೋರಿಸಿದೆ. ಭಾಷೆ ಬರದಿದ್ದರೆ ಏನಂತೆ? ಕೂಸಿನ ಮುಖಕ್ಕೆ ಮಲಯಾಳ ಬೇಕಾ?

ಒಂದು ದೇವಸ್ಥಾನದ ಮುಂದೆ ನಾನು ಹೊರಗೇ ನಿಂತೆ. ಪುರುಡು ಕಳೆಯುವ ತನಕ ಒಳಗೆ ಹೋಗುವಂತಿಲ್ಲವಲ್ಲ. ಶಿವಮಲ್ಲಪ್ಪನ ಜನರಲ್ಲಿ ಹುಟ್ಟಿನ ಮೈಲಿಗೆ ಇಲ್ಲ. "ನಮ್ಗೆ ಅದೆಲ್ಲ ಇಲ್ಲ ಕಣ್ಲಾ ಸಿದ್ದ. ನಿನ್ ಮೊಮ್ಮಗಳ ಲೆಕ್ಕದಲ್ಲಿ ನಾನೇ ಕೈ ಮುಗ್ದು ಬತ್ತೀನಿ, ಸೈಕಲ್ ಹಿಡ್ಕೊ" ಎಂದು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಏನು ಬೇಡಿಕೊಂಡ ಅಂತ ಕೇಳಿದರೆ ಹೇಳಲೂ ಇಲ್ಲ.

ಕೋಝಿಕ್ಕೋಡಿನಲ್ಲಿ ಕಡಲಿಗೆ ಬೆನ್ನು ಹಾಕಿದೆವು. ಘಟ್ಟದ ಒಂಬತ್ತು ತಿರುವುಗಳಲ್ಲಿ ಎಂಟನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆವು. (ಒಂಬತ್ತನೆಯದನ್ನೂ ತಳ್ಳಿದೆವು. ಆದರೆ ಕೇಳಿದವರಿಗೆ ಎಂಟು ಎಂದು ಹೇಳುವುದಾಗಿ ಮಾತಾಗಿದೆ.) ಕಲ್ಪೆಟ್ಟದ ಹತ್ತಿರ ಅವನದೇ ಲಾರಿಯ ಡ್ರೈವರ್ ಹಾರನ್ ಹೊಡೆದು, "ಹತ್ತಿ ಯಜಮಾನ್ರೆ, ಸಾಕು ಬನ್ನಿ" ಎಂದ. ಶಿವಮಲ್ಲಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

ಬತ್ತೇರಿಯಿಂದ ಮುಂದೆ ಕಾಡು. ಆನೆ ಓಡಾಡುವ ದಾರಿ, ಸೈಕಲ್ ಬಿಡುವುದಿಲ್ಲ. ಅದು ಮೊದಲೇ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಕಾಡು ದಾಟಿಸಲು ಒಬ್ಬ ಜೀಪಿನವನಿಗೆ ಹೇಳಿಟ್ಟಿದ್ದೆವು. ಕಾಡು ಮುಗಿದ ಮೇಲೆ ಇಳಿದು, ಮತ್ತೆ ಸೈಕಲ್ ಹತ್ತಿ, ಮಾರ್ಕೆಟ್ ತುಂಬಿರುವ ಹೊತ್ತಿಗೆ ಗುಂಡ್ಲುಪೇಟೆಗೆ ಹೋಗುವುದು. ನಕ್ಕವರೆಲ್ಲ ನೋಡಬೇಕು. ಭಾನುವಾರ ಬೆಳಿಗ್ಗೆ ಎದ್ದು ನಾನು ಚಾಮರಾಜನಗರಕ್ಕೆ ತುಳಿಯುವುದು. ಶಿವಮಲ್ಲಪ್ಪ ಆ ಮಾರ್ಕೆಟ್ ಪ್ರವೇಶಕ್ಕಾಗಿ ಒಂದು ಬಿಳಿ ಅಂಗಿಯನ್ನು ಕಾರವಾರದಿಂದ ಮಡಿಕೆ ಬಿಚ್ಚದೆ ಇಟ್ಟುಕೊಂಡು ಬಂದಿದ್ದ!

ಅಷ್ಟರಲ್ಲಿ ಚಿಕ್ಕತಾಯಮ್ಮನ ಫೋನು. ತೊಟ್ಟಿಲು ನಾಳೆ ಬೆಳಿಗ್ಗೆ ಎಂಟಕ್ಕೆ.

ಜೀಪಿನವನಿಗೆ ಫೋನ್ ಮಾಡಿದೆವು. ಅವನು ಕೋಝಿಕ್ಕೋಡಿನಲ್ಲಿ ಮದುವೆಮನೆಯಲ್ಲಿದ್ದ. ಬೇರೆ ಇಬ್ಬರನ್ನು ಕೇಳಿದೆವು. ಈಗ ಚಾಮರಾಜನಗರಕ್ಕೆ ಹೋದರೆ ವಾಪಸ್ ಬರುವುದರೊಳಗೆ ಒಂಬತ್ತಾಗಿ ಕಾಡಿನ ರಾತ್ರಿ ಗೇಟು ಬೀಳುತ್ತದೆ, ಆಗುವುದಿಲ್ಲ ಎಂದರು. ಬಸ್ಸಿನವನು ನಮ್ಮ ಸೈಕಲ್ ನೋಡಿಯೇ ಆಗುವುದಿಲ್ಲ ಎಂದು ತಲೆ ಆಡಿಸಿದ. ಕಾರವಾರದಿಂದ ತುಳಿದ ಸೈಕಲ್ಲುಗಳನ್ನು ಗುರುತಿಲ್ಲದ ಊರಲ್ಲಿ ಬಿಟ್ಟು ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ.

"ನೀನು ಬಸ್ ಹತ್ತು. ನಾನು ಎಲ್ಡ್ ಸೈಕಲ್ ಹಿಡ್ಕಂಡು ನಾಳೆ ಜೀಪಲ್ಲಿ ಬತ್ತೀನಿ" ಎಂದ ಶಿವಮಲ್ಲಪ್ಪ.

"ಆಗಲ್ಲ."

"ಯಾಕಾಗಲ್ಲ?"

"ನಿನ್ನ ಹೆಂಡ್ತಿಗೆ ಮಾತು ಕೊಟ್ಟಿದ್ದೀನಿ. ಒಂದು ರಾತ್ರಿನೂ ಒಬ್ಬನೇ ಬುಡಲ್ಲ ಅಂತ."

ಇವನಿಗೆ ಸಕ್ಕರೆ ಕಾಯಿಲೆ. ಒಮ್ಮೆ ನಡುರಾತ್ರಿ ಮೈ ಬೆವರಿ ಮಾತು ನಿಂತುಹೋಗಿತ್ತು. ಆ ಭಯದಿಂದಲೇ ಅವನ ಹೆಂಡತಿ ನನ್ನ ಕೈ ಹಿಡಿದು, "ಒಬ್ರುನ್ನೇ ಬುಡಬ್ಯಾಡಿ ಕಣಣ್ಣ" ಎಂದು ಕಳಿಸಿದ್ದು.

"ನಾನೇನು ಎಳೇ ಮಗ್ವಾ? ಓಗ್ಲಾ!"

"ಓಗಲ್ಲ ಕಣ. ಇಬ್ರು ಬಂದ್ವಿ, ಇಬ್ರು ಓಗನ."

"ಮತ್ತೆ ಉಡುದಾರ?"

"ನಮ್ಮ ಭಾವಮೈದ ಕಟ್ತಾನೆ ಬುಡು."

ಬಜ್ಜಿ ಸಿಕ್ಕಿಕೊಂಡಿದೆ ಎಂದು ಹೇಳಿ ನೀರು ಕುಡಿದೆ. ಶಿವಮಲ್ಲಪ್ಪ ನನ್ನನ್ನೇ ನೋಡಿದ. ಆಮೇಲೆ ಎದ್ದು ಅಂಗಡಿಯ ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿದ್ದ. ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸೈಕಲ್ ಸೀಟು ಹಿಡಿದುಕೊಂಡು ಮಾತಾಡುತ್ತಿದ್ದ. ಮಾತು ಮುಗಿಯಲು ಒಂದು ನಿಮಿಷವೂ ಆಗಲಿಲ್ಲ.

"ಆರು ಗಂಟೆಗೆ ನಮ್ ಲಾರಿ ಈ ದಾರೀಲಿ ಬತ್ತದೆ. ಗಂಟು ಕಟ್ಟು" ಎಂದ.

ನಾನು ಬೇಡವೆಂದೆ. ಎಷ್ಟು ಸಲ ಎಂದೆ? ಎರಡು ಸಲ. ನಿಜ ಹೇಳಬೇಕೆಂದರೆ ಮೂರನೇ ಸಲ ಅನ್ನಲು ಮನಸ್ಸು ಬರಲಿಲ್ಲ. ಹತ್ತು ದಿನದ ಕೂಸು ಅಷ್ಟು ದೂರದಿಂದ ನನ್ನ ಬಾಯಿ ಮುಚ್ಚಿಸಿತ್ತು.

ಖಾಲಿ ಕ್ರೇಟುಗಳ ಮೇಲೆ ಸೈಕಲ್ ಕಟ್ಟಿದೆವು. ಬಿಳಿ ಅಂಗಿ ಚೀಲದಲ್ಲೇ ಉಳಿಯಿತು. ಏಳೂವರೆಗೆ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಲಾರಿ ನುಗ್ಗಿದಾಗ ದೀಪ ಹತ್ತಿತ್ತು, ಲೋಡಿಂಗ್ ನಡೆಯುತ್ತಿತ್ತು. ಮಹೇಶ ಅಷ್ಟು ಹೊತ್ತಿಗೆ ಎಲ್ಲರಿಗೂ ಸುದ್ದಿ ಹಂಚಿ ಆಗಿತ್ತು.

"ಓಹೋ! ಬಂದ್ರು ನೋಡ್ರಪ್ಪ ಸಮುದ್ರದ ಸಾಹುಕಾರ್ರು!"

"ಯಜಮಾನ್ರೆ, ಕಾರವಾರದಿಂದ್ಲೂ ಕ್ರೇಟ್ ಮ್ಯಾಲೇ ಬಂದ್ರಾ?"

"ಈಗ ಏನಂತ ಕರೀಬೇಕು ನಿಮ್ಮುನ್ನ? ಶಿವಮಲ್ಲ ಅಲ್ವಲ್ಲ!"

ನಾನು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, "ಅದೇನಾಯ್ತು ಅಂದ್ರೆ" ಎಂದು ಬಾಯಿ ತೆರೆದೆ. ಶಿವಮಲ್ಲಪ್ಪ ನನ್ನ ತೊಡೆಯನ್ನು ಬಲವಾಗಿ ಅದುಮಿದ. ತಾನೇ ಕೆಳಗಿಳಿದ. ಮಂಡಿ ಮೇಲೆ ಕೈ ಇಟ್ಟುಕೊಂಡ.

"ಮಂಡಿ ಊದ್ಕತು ಕಣ್ರಲಾ. ಆಗ್ಲಿಲ್ಲ. ವಯಸ್ಸಾಯ್ತು ನೋಡಿ" ಎಂದ.

ಇನ್ನೂ ಜೋರು ನಗು. ಮಹೇಶ ಮಾತ್ರ ನಗು ನಿಲ್ಲಿಸಿ ಅಪ್ಪನ ತೋಳು ಹಿಡಿದುಕೊಂಡ. ಶಿವಮಲ್ಲಪ್ಪ ಡ್ರೈವರಿಗೆ, "ಇವನ್ನ ಚಾಮರಾಜನಗರಕ್ಕೆ ಬುಟ್ಟು ಬಾ, ಬಿರ್ನೆ" ಎಂದ. ನನ್ನ ಕಡೆ ತಿರುಗಿ ಮೆಲ್ಲಗೆ, "ಬಾಯಿ ಬುಟ್ಟೀಯ ಜ್ವಾಕೆ" ಎಂದ. ಕುಂಟುತ್ತಾ ಒಳಗೆ ಹೋದ.

ಬೆಳಿಗ್ಗೆ ಎಂಟಕ್ಕೆ ನಾನು ನನ್ನ ಮೊಮ್ಮಗಳ ಸೊಂಟಕ್ಕೆ ಉಡುದಾರ ಕಟ್ಟಿದೆ. ಐವತ್ತು ವರ್ಷ ನಟ್ಟು ಬೋಲ್ಟು ತಿರುಗಿಸಿದ ಬೆರಳುಗಳು. ಒಂದು ಗಂಟು ಹಾಕಲು ಮೂರು ಸಲ ಜಾರಿದವು. ಅವಳು ಕಾಲಿನಿಂದ ನನ್ನ ಕೈಯನ್ನು ಒದ್ದಳು. ಎಂಥ ಒದೆ ಅಂತೀರಿ! ಪೆಡಲ್ ತುಳಿಯುವ ಕಾಲು ಅದು, ಬರೆದಿಟ್ಟುಕೊಳ್ಳಿ. ಇಂಚರಾ ಎಂದು ಹೆಸರಿಟ್ಟರು. ನಾನು ಅತ್ತುಬಿಟ್ಟೆ ಎಂದು ಹೆಂಗಸರು ಹೇಳುತ್ತಾರೆ. ಅತ್ತಿರಬಹುದು.

ಒಂಬತ್ತಕ್ಕೆ ಶಿವಮಲ್ಲಪ್ಪ ಹೆಂಡತಿ ಜೊತೆ ಬಸ್ಸಿನಲ್ಲಿ ಬಂದ. ಆಯಮ್ಮ ರಾತ್ರಿಯೆಲ್ಲ ಅವನ ಮಂಡಿಗೆ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಕರೆದುಕೊಂಡು ಬಂದಿದ್ದರು. ಪಾಪ, ಅವರಿಗೂ ಹೇಳಿಲ್ಲ! ಬರುವಾಗ ಬಲಗಾಲು ಕುಂಟುತ್ತಿದ್ದ. ಪಾಯಸ ಕುಡಿದು, ಕೂಸನ್ನು ಎತ್ತಿ ಆಡಿಸಿ, ಹೊರಡುವಾಗ ನೋಡುತ್ತೇನೆ, ಎಡಗಾಲು ಕುಂಟುತ್ತಿದೆ.

ಬಾಗಿಲ ಹತ್ತಿರ ಹಿಡಿದುಕೊಂಡೆ. "ಯಾವ ಮಂಡಿಲಾ?"

"ಬರೀಬ್ಯಾಡ ಕಣ್ಲಾ ಇದ. ಆ ಕೂಸಿಂದ ನಾನು ಲಾರಿ ಹತ್ತಿದೆ ಅಂತ ನಾಲಿಗೆ ಮ್ಯಾಲೆ ಒಬ್ರೂ ತರಬಾರದು" ಎಂದ.

ಅವನಿಗೆ ಇದೇ ಚಿಂತೆ. ಎಳೆಯ ಹೆಣ್ಣುಕೂಸು. ಯಾರಾದರೂ, ಅದು ಹುಟ್ಟಿ ಹನ್ನೊಂದು ದಿನಕ್ಕೇ ಯಜಮಾನರ ಮಾನ ಹೋಯಿತು ಎಂದಾರು ಎಂದು. ಅದಕ್ಕೆ ತನ್ನ ಮಂಡಿಯ ಮೇಲೆ ಹಾಕಿಕೊಂಡ.

ಬರೆಯಬೇಡ ಎಂದಿದ್ದ, ಬರೆದಿದ್ದೇನೆ. ಒಂದು ವಾರ ಮಾತು ಬಿಡುತ್ತಾನೆ, ಬಿಡಲಿ. ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈಗಲೂ ಅವನನ್ನು ಕಂಡರೆ "ಮಂಡಿ ಹೆಂಗದೆ ಯಜಮಾನ್ರೆ?" ಎಂದು ಕೇಳಿ ನಗುತ್ತಾರಂತೆ. ನಗುವವರಿಗೆ ನನ್ನದೂ ಒಂದು ಪ್ರಶ್ನೆ ಇದೆ.

ನಿಮ್ಮ ಮನೆಯ ತೊಟ್ಟಿಲಿಗಾಗಿ ಊರೆಲ್ಲರ ಮುಂದೆ ಸೋತವನಂತೆ ಇಳಿಯುವ ಗೆಳೆಯ ನಿಮ್ಮಲ್ಲಿ ಎಷ್ಟು ಜನಕ್ಕಿದ್ದಾನೆ?