ಮಹಾಂತಮ್ಮನ ಹೊಲ, ರೈಲಿನ ಕರೆಂಟು

ಮಲ್ಲಟದ ಮಹಾಂತಮ್ಮನ ಪಕ್ಕ ಕೂತವರಿಗೆ ಪ್ರಶ್ನೆ ತಪ್ಪಿದ್ದಲ್ಲ. ಬಸ್ಸಿನಲ್ಲಿ ಜೊತೆ ಕೂತವರ ಊರು, ಮನೆತನ, ಚೀಲದೊಳಗಿನ ಸಾಮಾನು, ಎಲ್ಲವೂ ಮಾನ್ವಿ ಬರುವಷ್ಟರಲ್ಲಿ ಆಕೆಗೆ ಗೊತ್ತಾಗಿರುತ್ತದೆ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಇಂಥ ಒಬ್ಬ ವಿದ್ಯಾರ್ಥಿಯೂ ನನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ನನ್ನ ಹಳೆಯ ಶಿಷ್ಯ ಉದಯಕುಮಾರ ರಾಯಚೂರಿನಿಂದ ಓಡೋಡಿ ಬಂದ. ಅವನ ಸೋಲಾರ್ ಕಂಪನಿ ಇಪ್ಪತ್ತೈದು ವರ್ಷ ರೈಲ್ವೆಗೆ ಕರೆಂಟು ಕೊಡುವ ಟೆಂಡರಿಗೆ ನಿಂತಿತ್ತು. ಟೆಂಡರ್ ಹಾಕಬೇಕಾದರೆ ಜಾಗ ಕೈಯಲ್ಲಿರಬೇಕು. ದೇವದುರ್ಗದ ಕಡೆಯವರು ಹೊಲ ಗುತ್ತಿಗೆಗೆ ಕೊಡಲು ಒಪ್ಪಿದ್ದರು. ಮಲ್ಲಟದಲ್ಲೂ ಉಳಿದವರೆಲ್ಲ ಒಪ್ಪಿ, ನಟ್ಟನಡುವಿನ ಮಹಾಂತಮ್ಮನ ಹೊಲವೊಂದು ಬಾಕಿ. ಅಲ್ಲಿ ಬೇವಿನ ಮರದ ಕೆಳಗೆ ಆಕೆಯ ಗಂಡ ಮುದುಕಪ್ಪನ ಸಮಾಧಿ ಇದೆ. ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು ಅವರ ರೂಢಿ. ಅಮಾವಾಸ್ಯೆಗೊಮ್ಮೆ ಆಕೆ ಅಲ್ಲಿಗೆ ಎಡೆ ಒಯ್ಯುತ್ತಾಳೆ.

"ಬಾಡಿಗಿ ಜಾಸ್ತಿ ಮಾಡ್ಲಿ ಅಂತ ಸತಾಯಿಸಾಕತ್ತಾಳ್ರಿ ಸರ್," ಎಂದ ಉದಯಕುಮಾರ. ಆಕೆಯ ಪ್ರಶ್ನೆಗಳಿಗೆ ಉತ್ತರಿಸಲು ನಾನೇ ಬರಬೇಕಂತೆ. ನನಗೂ ಕುತೂಹಲ, ಹೊರಟೆ.

ಹೊಲದಲ್ಲಿ, ಬೇವಿನ ನೆರಳಲ್ಲೇ ಕೂತೆವು. ಹೊತ್ತು ಮುಳುಗಿದ ಮೇಲೆ ರೈಲುಗಳು ಹೇಗೆ ಓಡುತ್ತವೆ ಎಂದಳು ಮಹಾಂತಮ್ಮ. ಬ್ಯಾಟರಿಯಲ್ಲಿ ಕೂಡಿಟ್ಟು ಕೊಡುತ್ತಾರೆ ಎಂದೆ. ಮೋಡ ಕವಿದರೆ? ಬೇರೆ ಕಡೆಯ ಗಾಳಿಯಂತ್ರಗಳಿವೆ. ಇಲ್ಲಿ ಹುಟ್ಟಿದ ಕರೆಂಟು ಯಾವ ರೈಲಿಗೆ ಹೋಗುತ್ತದೆ? ಹಲವು ಹಳ್ಳ ಸೇರಿದ ಹೊಳೆಯಲ್ಲಿ ಇದು ಇಂಥ ಹಳ್ಳದ ನೀರು ಎನ್ನಲಾಗದು, ಇದೂ ಹಾಗೆಯೇ ಎಂದೆ. ಆಕೆ ತಲೆದೂಗಿದಳು. ಪಾಠ ಮಾಡಿದ ಖುಷಿ ನನಗೆ ಬಹಳ ದಿನದ ಮೇಲೆ ಸಿಕ್ಕಿತು.

ಆಮೇಲೆ ಪ್ರಶ್ನೆಗಳು ಬೇರೆ ದಾರಿ ಹಿಡಿದವು. ಬೇಲಿಯ ಕೀಲಿ ಯಾರ ಹತ್ತಿರ? ಒಳಗೆ ಯಾರು ಬರಬಹುದು? ನೆಲ ಅಗೆಯಬಹುದೇ? ಹೊರಗಿನವರು ಕಾಲಿಡುವಂತಿಲ್ಲ, ಕೆಳಗೆ ತಂತಿ ಇರುವುದರಿಂದ ಗೇಣು ನೆಲವನ್ನೂ ಅಗೆಯುವಂತಿಲ್ಲ ಎಂದ ಉದಯಕುಮಾರ. ಅಷ್ಟಕ್ಕೇ ಸುಮ್ಮನಿರದೆ, ಸಮಾಧಿಯನ್ನು ರಸ್ತೆ ಬದಿಗೆ ಒಯ್ದು ಕಲ್ಲಿನಲ್ಲಿ ಚಂದ ಕಟ್ಟಿಸಿಕೊಡುತ್ತೇವೆ ಎಂದೂ ಸೇರಿಸಿದ. ಮಹಾಂತಮ್ಮನ ಮುಖ ಸಣ್ಣದಾಯಿತು. ನನಗೆ ಅವನ ಕಿವಿ ಹಿಂಡುವಷ್ಟು ಸಿಟ್ಟು ಬಂತು.

"ಬಾಡಿಗಿ ನಾ ಕೇಳೇ ಇಲ್ಲ ಯಪ್ಪಾ," ಎಂದಳು ಆಕೆ. "ಇಪ್ಪತ್ತೈದು ವರ್ಷ ಅಂತೀರಿ. ಅಷ್ಟು ದಿನ ನಾ ಇರ್ತೀನೇನು? ಅವರ ಮಗ್ಗಲದಾಗ ನನ್ನ ಜಾಗ ಅದ. ನಾ ಸತ್ತಾಗ ಅಗಿಯಾಕ ಬಿಡ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಉದಯಕುಮಾರ ಎದ್ದು ದೂರ ಹೋಗಿ ರಾಯಚೂರಿನ ಆಫೀಸಿಗೆ ಫೋನು ಹಚ್ಚಿದ. ಮೊದಲು ಜಗಳವಾಡಿದ, ಆಮೇಲೆ ಬೇಡಿಕೊಂಡ. ತಿರುಗಿ ಬಂದವನೇ ಹೊಲದ ನಕ್ಷೆ ಬಿಚ್ಚಿ, ಅದರಲ್ಲಿ ಬೇವಿನ ಮರ, ಅದರ ನೆರಳು ಬೀಳುವಷ್ಟು ನೆಲ, ಅಲ್ಲಿಗೊಂದು ದಾರಿ, ಎಲ್ಲವನ್ನೂ ಗುತ್ತಿಗೆಯಿಂದ ಹೊರಗಿಟ್ಟು ಗೆರೆ ಎಳೆದ. ಕರಾರಿನಲ್ಲೂ ಹಾಗೆಯೇ ಬರೆಯಿಸುತ್ತೇನೆಂದ. ಮಹಾಂತಮ್ಮ ಆ ಗೆರೆಯ ಮೇಲೆ ಬೆರಳಾಡಿಸಿದಳು. ಅವಳ ಕೊನೆಯ ಪ್ರಶ್ನೆ ಇನ್ನೂ ಉಳಿದಿತ್ತು.

"ನಮ್ಮಿಬ್ಬರಿಗೆ ಇಷ್ಟು ಜಾಗ ಬಿಟ್ರ ರೈಲು ಎಲ್ಲೂ ನಿಲ್ಲಂಗಿಲ್ಲಲ್ರಿ?"

"ನಿಲ್ಲಂಗಿಲ್ಲ ಯವ್ವಾ," ಎಂದ ಉದಯಕುಮಾರ, ನಕ್ಷೆಯಿಂದ ಮುಖ ಎತ್ತದೆ.

ಆಕೆ ಪೆನ್ನು ಕೇಳಿದಳು.