ಷಡ್ಡಕನ ಇಟಲಿ ಕಾರು

ಕಿವಿ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿ ಇರುವಾಗಲೇ, ಇನ್ನೊಂದು ಗಾಡಿಯ ಕೆಳಗೆ ಅಂಗಾತ ಮಲಗಿಕೊಂಡೇ, "ಒಂದು ಪ್ಲಗ್ಗು ಹೋಗಿದೆ, ಒಳಗೆ ತನ್ನಿ" ಎಂದು ಕೂಗುತ್ತಿದ್ದ ಆಸಾಮಿ ಅವನು. ಹದಿನಾರಕ್ಕೆ ಸ್ಪ್ಯಾನರ್ ಹಿಡಿದವನು ಐವತ್ತನಾಲ್ಕಾದರೂ ಕೆಳಗಿಟ್ಟಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಗಿರಾಕಿಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಕೈ ಶುದ್ಧ, ಮಾತು ನೇರ. ಆದರೆ ದೇವರು ಇಷ್ಟೆಲ್ಲ ಕೊಟ್ಟು ಜೊತೆಗೊಂದು ಕಾಯಿಲೆಯನ್ನೂ ಕೊಟ್ಟಿದ್ದ. ಅದೇ ಹೊಟ್ಟೆಕಿಚ್ಚು. ಎದುರಿನ ಗ್ಯಾರೇಜಿನ ಮುಂದೆ ಎರಡು ಗಾಡಿ ಹೆಚ್ಚಿಗೆ ನಿಂತರೆ ಸಾಕು, ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಅದಾದರೂ ಸಣ್ಣಪುಟ್ಟ ಉರಿ. ನಿಜವಾದ ಬೆಂಕಿ ಹತ್ತಿದ್ದು ಷಡ್ಡಕನಿಂದ.

ಷಡ್ಡಕ ಎಂದರೆ ಮೇಸ್ತ್ರಿಯ ಹೆಂಡತಿಯ ತಂಗಿಯ ಗಂಡ. ದೊಡ್ಡ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಗಾಜಿನ ಬೀರು, ತಂಪು ಗಾಳಿ, ನೊಣ ಕೂತರೆ ಜಾರಿ ಬೀಳುವಂಥ ನೆಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ಮಸಿಯ ಗುರುತೇ ಇಲ್ಲದ ಬೆರಳುಗಳು. ಮೇಸ್ತ್ರಿಗೆ "ಅಣ್ಣಾ" ಎನ್ನುತ್ತಿದ್ದ, ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದ. ಸಿಟ್ಟು ಮಾಡಿಕೊಳ್ಳಲು ಒಂದೇ ಒಂದು ಕಾರಣ ಕೊಡದ ಮನುಷ್ಯ! ಮೇಸ್ತ್ರಿಗೆ ಅವನ ಮೇಲೆ ಇದ್ದ ಸಿಟ್ಟಿಗೆ ಅರ್ಧ ಕಾರಣ ಇದೇ.

ಇನ್ನು ಕಾರಿನ ವಿಷಯ. ಊರಿನ ಹಳೆಯ ಮುದ್ರಣಾಲಯದ ಹಿಂದೆ ಕಾಗದದ ಗೋದಾಮೊಂದಿತ್ತು. ಅದರ ಮೂಲೆಯಲ್ಲಿ ಹರಕು ಚಾದರ ಹೊದ್ದು ಇಟಲಿಯ ಒಂದು ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಛಾವಣಿ, ನೆಲ ಮೂಸುವಷ್ಟು ತಗ್ಗಿದ ಮೂತಿ. ಬಣ್ಣ ಹಳದಿ, ಅದೂ ಹಳೆಯ ಪುಸ್ತಕದ ಪುಟದಂತೆ ಮಂಕಾಗಿತ್ತು. ಪ್ರೆಸ್ಸಿನ ಯಜಮಾನರು ಪ್ರಾಯದಲ್ಲಿ ಕೊಂಡು ಓಡಿಸಿ, ಕಣ್ಣು ಮಂಜಾದ ಮೇಲೆ ತಂದು ನಿಲ್ಲಿಸಿದ್ದು. ಅವರ ವ್ಯಾನಿನ ರಿಪೇರಿಗೆಂದು ತಿಂಗಳಿಗೊಮ್ಮೆ ಹೋಗುತ್ತಿದ್ದ ಮೇಸ್ತ್ರಿ ಒಂದು ದಿನ ಚಾದರ ಎತ್ತಿ ನೋಡಿದ. ಅಲ್ಲಿಗೆ ಮುಗಿಯಿತು! ಮದುವೆಗೆ ಹೆಣ್ಣು ನೋಡುವಾಗಲೂ ಅವನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಈ ಮಾತನ್ನು ಹೆಂಡತಿಯ ಮುಂದೆ ಆಡುವಷ್ಟು ದಡ್ಡ ಅವನಲ್ಲ.

ನಿಂತ ಎಂಜಿನ್ನು ಒಳಗೊಳಗೇ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಅದಕ್ಕೇ ಮೇಸ್ತ್ರಿ ಯಾರೂ ಹೇಳದಿದ್ದರೂ ಒಂದು ಕೆಲಸ ಹಚ್ಚಿಕೊಂಡ. ತಿಂಗಳು ತಿಂಗಳೂ ಪ್ಲಗ್ಗು ಬಿಚ್ಚಿ, ಆ ತೂತುಗಳಲ್ಲಿ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಎಂಜಿನ್ನಿನ ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒಂದು ಸುತ್ತು ತಿರುಗಿಸುವುದು. ಹೀಗೆ ಹನ್ನೊಂದು ವರ್ಷ. ಬೇರೆಯವರ ಗಾಡಿಗೆ ಇಷ್ಟು ಉಪಚಾರ ಯಾಕೆ ಎಂದು ನೀವು ಕೇಳಬಹುದು. ಅವನ ಲೆಕ್ಕದಲ್ಲಿ ಅದು ಬೇರೆಯವರದ್ದಾಗಿರಲೇ ಇಲ್ಲವಲ್ಲ!

ಹಾಗಾದರೆ "ನನಗೆ ಕೊಡಿ" ಎಂದು ಬಾಯಿ ಬಿಟ್ಟು ಕೇಳಬೇಕಿತ್ತೋ ಬೇಡವೋ? ಕೇಳಲಿಲ್ಲ. ಬದಲಿಗೆ ಬುದ್ಧಿ ಉಪಯೋಗಿಸಿದ. ಬೇರೆ ಯಾರ ಕಣ್ಣೂ ಬೀಳದಿರಲಿ, ಯಜಮಾನರಿಗೂ ಬೇಸರ ಹತ್ತಲಿ ಎಂದು ಕಂಡಕಂಡವರ ಮುಂದೆಲ್ಲ ಆ ಕಾರನ್ನು ಹಳಿಯತೊಡಗಿದ. "ಶುದ್ಧ ಗುಜರಿ ಯಜಮಾನ್ರೇ. ನಿಮ್ಮ ಮುಖ ನೋಡಿ ತಿರುಗಿಸ್ತಾ ಇದ್ದೀನಿ ಅಷ್ಟೇ" ಎನ್ನುವನು. ಯಜಮಾನರು ಸಪ್ಪಗೆ ತಲೆ ಆಡಿಸುವರು. ಒಂದಲ್ಲ ಒಂದು ದಿನ "ತಗೊಂಡು ಹೋಗಯ್ಯಾ, ಜಾಗ ಖಾಲಿ ಆಗ್ಲಿ" ಅಂದೇ ಅನ್ನುತ್ತಾರೆ ಎಂದು ಇವನು ಕಾದ.

ಕಾದವನು ಸುಮ್ಮನೆ ಕಾಯಬಾರದೇ? ಒಂದು ಭಾನುವಾರ ಊಟಕ್ಕೆ ಬಂದಿದ್ದ ಷಡ್ಡಕನ ಮುಂದೆ ಜಂಬ ಕೊಚ್ಚಿಕೊಳ್ಳುವ ಚಪಲ ಹತ್ತಿ, ತಾನೇ ಕೈ ಹಿಡಿದು ಗೋದಾಮಿಗೆ ಕರೆದುಕೊಂಡು ಹೋಗಿ ಚಾದರ ಸರಿಸಿದ. ಷಡ್ಡಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕಾರಿನ ಮೂತಿಯಿಂದ ಬಾಲದವರೆಗೆ ಎರಡು ಸಲ ನಡೆದ.

"ಎಷ್ಟು ಚೆನ್ನಾಗಿದೆ ಅಣ್ಣಾ!" ಎಂದ.

ವಾರ ಕಳೆಯಲಿಲ್ಲ, ನಾದಿನಿಯ ಫೋನು ಬಂತು. ಕಾರು ಅವರ ಮನೆಯ ಶೆಡ್ಡಿಗೆ ಬಂದು ನಿಂತಿದೆಯಂತೆ. ಷಡ್ಡಕ ಅಂಗಡಿಯ ರಸೀದಿ ಪುಸ್ತಕ ಅಚ್ಚು ಹಾಕಿಸಲು ಹೋದವನು "ಆ ಕಾರು ಎಷ್ಟು ಚೆನ್ನಾಗಿದೆ, ಕೊಡ್ತೀರಾ ಸಾರ್?" ಎಂದು ಒಂದೇ ಮಾತು ಕೇಳಿದನಂತೆ. ಯಜಮಾನರು ಕಣ್ಣೊರೆಸಿಕೊಂಡರಂತೆ. "ಹನ್ನೊಂದು ವರ್ಷದಿಂದ ಮೇಸ್ತ್ರಿ ಬಾಯಲ್ಲಿ ಗುಜರಿ ಅನ್ನೋದನ್ನೇ ಕೇಳಿದ್ದೀನಪ್ಪ. ಚೆನ್ನಾಗಿದೆ ಅಂದೋನು ನೀನೊಬ್ಬನೇ. ಕೈಲಾದಷ್ಟು ಕೊಟ್ಟು ತಗೊಂಡು ಹೋಗು" ಎಂದರಂತೆ.

ಮೇಸ್ತ್ರಿಯ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

"ಗುಜರಿ ಅಂತಿದ್ರಲ್ಲಾ," ಎಂದಳು ಹೆಂಡತಿ. "ಗುಜರಿ ಹೋದ್ರೆ ನಿಮಗ್ಯಾಕ್ರೀ ಹೊಟ್ಟೆ ಉರೀಬೇಕು?"

"ಯಾರಿಗೆ ಉರೀತಿದೆ? ನಂಗಾ? ಉರಿಯೋಕೆ ಅದೇನು ಬಂಗಾರದ ಗಾಡಿನಾ?" ಎಂದು ಗುಡುಗಿ, ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಒಂದು ಸಮಾಧಾನ ಉಳಿದಿತ್ತು. ರಿಪೇರಿಗೆ ತನ್ನ ಹತ್ತಿರವೇ ಬರಬೇಕಲ್ಲ, ಇನ್ನೆಲ್ಲಿಗೆ ಹೋಗುತ್ತಾನೆ? ಬರಲಿ, ನಾಲ್ಕು ತಿಂಗಳು ಆಟ ಆಡಿಸುತ್ತೇನೆ ಎಂದುಕೊಂಡ. ಷಡ್ಡಕ ಅದಕ್ಕೂ ಕಲ್ಲು ಹಾಕಿದ. "ನಿಮಗೆ ಯಾಕೆ ತೊಂದ್ರೆ ಅಣ್ಣಾ, ನಾನೇ ಮಾಡಿ ನೋಡ್ತೀನಿ. ಭಾನುವಾರಕ್ಕೊಂದು ಪ್ರಾಜೆಕ್ಟ್ ಇರ್ಲಿ" ಎಂದುಬಿಟ್ಟ. ಕನ್ನಡಕದವನು! ಎಂಜಿನ್ ಬಿಚ್ಚುತ್ತಾನಂತೆ!

ಬಿಚ್ಚಿದ ಕಣ್ರೀ. ಏನೋ ಒಂದು ನೆಪ ಮಾಡಿಕೊಂಡು ಮೇಸ್ತ್ರಿ ಭಾನುವಾರಗಳಲ್ಲಿ ಆ ಶೆಡ್ಡಿಗೆ ಹೋಗುವನು, ನೋಡಿ ಮೈ ಪರಚಿಕೊಂಡು ಬರುವನು. ನೆಲದ ಮೇಲೆ ಒಗೆದ ಬಿಳಿ ಬಟ್ಟೆ. ಬಿಚ್ಚಿದ ಒಂದೊಂದು ಸ್ಕ್ರೂವೂ ಕನ್ನಡಕದ ಪುಟ್ಟ ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಚೀಟಿ, ಚೀಟಿಯ ಮೇಲೆ ಮುತ್ತಿನಂಥ ಅಕ್ಷರ. ಕಾರ್ಬ್ಯುರೇಟರಿನ ಹಿತ್ತಾಳೆಯ ತುಣುಕುಗಳನ್ನು ಗಾಜು ಒರೆಸುವ ಬಟ್ಟೆಯಲ್ಲಿ ತಿಕ್ಕಿ ಫಳಫಳ ಅನ್ನಿಸಿದ್ದ. ತುಕ್ಕು ಹೋಯಿತು, ಹೊಸ ವೈರು ಬಂತು, ಸೀಟಿಗೆ ಹೊಸ ಚರ್ಮ ಬಂತು. ನಾದಿನಿ ಶರಬತ್ತು ತಂದುಕೊಟ್ಟು, "ಇವ್ರ ಕೈ ಎಷ್ಟು ನೀಟು ಅಲ್ವಾ ಭಾವ?" ಎಂದು ಕೇಳಿದಾಗ ಮೇಸ್ತ್ರಿ "ಹೂಂ" ಎಂದ. ಆ ಹೂಂ ಗಂಟಲಿಂದ ಹೊರಬರಲು ಅರ್ಧ ಲೋಟ ಶರಬತ್ತು ಬೇಕಾಯಿತು. ಸುಳ್ಳೇಕೆ ಹೇಳಲಿ, ಇವನ ಕೈಗೆ ಅದು ಹತ್ತದಿರಲಿ, ಹಾಳಾಗಿ ಹೋಗಲಿ ಎಂದು ಅವನು ಮನಸಾರೆ ಬಯಸಿದ.

ವರ್ಷ ತುಂಬುವ ಹೊತ್ತಿಗೆ ಷಡ್ಡಕ ಎಲ್ಲರನ್ನೂ ಕರೆದು ಕೀಲಿ ತಿರುಗಿಸಿದ. ಎಂಜಿನ್ನೇನೋ ಹತ್ತಿಕೊಂಡಿತು, ಆದರೆ ಕ್ಷಯ ಹಿಡಿದವರ ಹಾಗೆ ಕೆಮ್ಮಿತು. ಕಾರ್ಬ್ಯುರೇಟರಿನಿಂದ ಹಿಂದಕ್ಕೆ ಫಟ್ ಎಂದು ಉಗುಳಿತು. ಗೇಟಿನವರೆಗೆ ಏದುಸಿರು ಬಿಡುತ್ತಾ ಹೋಗಿ, ಸಣ್ಣ ಏರು ಹತ್ತಲಾರದೆ ನಿಂತೇಬಿಟ್ಟಿತು. ಷಡ್ಡಕನ ಮುಖ ಇಷ್ಟು ಸಣ್ಣಗಾಯಿತು. ಮೇಸ್ತ್ರಿ ಅವತ್ತು ಮನೆಗೆ ಬಂದು ಎರಡೆರಡು ಸಲ ಬಡಿಸಿಕೊಂಡು ಉಂಡ.

ಮೂರು ತಿಂಗಳು ಷಡ್ಡಕ ಹೆಣಗಿದ. ಪೆಟ್ರೋಲಿನ ದಾರಿ ನೋಡಿದ, ಕಿಡಿಯ ದಾರಿ ನೋಡಿದ. "ಏನಿರಬಹುದು ಅಣ್ಣಾ?" ಎಂದು ಎರಡು ಸಲ ಕೇಳಿದ. ಕಿವಿ ಮೇಸ್ತ್ರಿ ಕಿವಿ ಕೂಡ ಕೊಡದೆ, "ಹಳೇ ಗಾಡಿ ಮಾರಾಯ, ಅದರ ಹಣೆಬರಹವೇ ಅಷ್ಟು" ಎಂದು ಜಾರಿಕೊಂಡ. ಕಡೆಗೊಂದು ದಿನ ಷಡ್ಡಕನೇ ಗ್ಯಾರೇಜಿಗೆ ಬಂದ. ಅಂಗಿ ಇಸ್ತ್ರಿ ಕಂಡಿರಲಿಲ್ಲ.

"ಅಣ್ಣಾ, ನನ್ನ ಕೈಲಾಗಲ್ಲ. ನೀವು ಅಷ್ಟು ವರ್ಷ ಜೋಪಾನ ಮಾಡಿದ್ದನ್ನ ಒಂದು ವರ್ಷಕ್ಕೇ ಕೆಡಿಸಿಟ್ಟೆ. ಆ ಶೆಡ್ ಬಾಗಿಲು ತೆಗೆಯೋಕೇ ಮನಸ್ಸು ಬರ್ತಿಲ್ಲ. ನೀವೇ ತಗೊಂಡುಬಿಡಿ. ನಾನು ಕೊಟ್ಟಿದ್ದರಲ್ಲಿ ಅರ್ಧ ಕೊಡಿ, ಸಾಕು."

ಮೇಸ್ತ್ರಿ ಕೈ ಒರೆಸುವ ಬಟ್ಟೆಯಲ್ಲಿ ಮೂತಿ ಒರೆಸಿಕೊಂಡು, "ನೋಡೋಣ ಬಿಡು" ಎಂದ, ಬೇಡದವನ ಹಾಗೆ. ಅತ್ತ ಷಡ್ಡಕ ತಿರುವು ದಾಟಿದ್ದೇ ತಡ, ಇತ್ತ ಗ್ಯಾರೇಜಿನ ಒಳಗಿನ ಅಂಕಣ ಖಾಲಿ ಮಾಡಿಸಿ, ನೆಲ ತೊಳೆದು, ಅದರ ಮೇಲೆ ಬಿಳಿ ಬಟ್ಟೆಯನ್ನೇ ಹಾಸಿದ.

ಭಾನುವಾರ ವ್ಯಾನು, ಎಳೆಯುವ ಹಗ್ಗ ಎಲ್ಲ ತಂದ. ಕಟ್ಟುವ ಮುಂಚೆ ಒಂದು ಸಲ ಕಿವಿಯಲ್ಲಿ ಕೇಳೋಣ ಎಂದು ಎಂಜಿನ್ ಹತ್ತಿಸಲು ಹೇಳಿ, ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದ. ಅರೆ! ಪೆಟ್ರೋಲಲ್ಲ, ಕಿಡಿಯಲ್ಲ. ಎಂಜಿನ್ನು ಉಸಿರಾಡುವ ವಾಲ್ವುಗಳು ಹೊತ್ತು ತಪ್ಪಿ ತೆರೆಯುತ್ತಿವೆ. ಎಂಜಿನ್ ನಿಲ್ಲಿಸಿ ಮುಂದಿನ ಮುಚ್ಚಳ ಬಿಚ್ಚಿದ.

ಒಳಗೆ ಕೆಳಗೊಂದು, ಮೇಲೆರಡು ಹಲ್ಲುಚಕ್ರ. ಮೂರನ್ನೂ ಸುತ್ತಿ ಹಲ್ಲಿರುವ ಒಂದು ರಬ್ಬರ್ ಬೆಲ್ಟು. ಮೂರೂ ಒಟ್ಟಿಗೆ ತಾಳ ಹಾಕಿದರೆ ವಾಲ್ವು ಸರಿಯಾದ ಹೊತ್ತಿಗೆ ತೆರೆಯುತ್ತವೆ. ಅದಕ್ಕೇ ಕಾರ್ಖಾನೆಯವರು ಚಕ್ರಗಳ ಮೇಲೆ ಗುರುತಿನ ಕಚ್ಚು ಹಾಕಿರುತ್ತಾರೆ. ಕೆಳಗಿನದು ಸರಿಯಾಗಿ ಕೂತಿತ್ತು. ಮೇಲಿನ ಬಲಗಡೆಯದು ಒಂದು ಹಲ್ಲು ಹಿಂದಿತ್ತು.

"ಸಿಕ್ಕಿಬಿದ್ದ ನೋಡು ಕನ್ನಡಕದವನು!" ಎಂದು ಮನಸ್ಸು ಕುಣಿಯಿತು. ಆದರೆ ಚಕ್ರಗಳ ಮೇಲೂ ಅವುಗಳ ಹಿಂದಿನ ಲೋಹದ ಮೇಲೂ ಇನ್ನೊಂದು ಗುರುತಿತ್ತು, ಕೆಂಪು ಗೆರೆ. ಅದು ಮಾತ್ರ ಕೂದಲೆಳೆ ತಪ್ಪದೆ ಕೂಡಿತ್ತು.

"ಇದೇನು ಕೆಂಪಗೆ?"

"ನಿಮ್ಮ ನಾದಿನಿ ಉಗುರು ಬಣ್ಣ ಅಣ್ಣಾ. ಹಳೇ ಬೆಲ್ಟ್ ತೆಗೆಯೋ ಮುಂಚೆ ಗುರುತು ಹಾಕ್ಕೊಂಡೆ. ಹೇಗಿತ್ತೋ ಹಾಗೇ ಹೊಸದನ್ನ ಕೂರಿಸಿದೆ."

"ಪುಸ್ತಕ ನೋಡಿ ಕಚ್ಚು ಹೊಂದಿಸ್ಲಿಲ್ವಾ?"

"ಎಲ್ಲಾನೂ ಪುಸ್ತಕ ನೋಡೇ ಮಾಡ್ದೆ. ಇದೊಂದನ್ನ ನೋಡ್ಲಿಲ್ಲ. ನೀವು ಹನ್ನೊಂದು ವರ್ಷ ತಿರುಗಿಸಿದ್ದಲ್ವಾ, ಸರಿಯಾಗೇ ಇರುತ್ತೆ ಅಂತ."

ಮೇಸ್ತ್ರಿಗೆ ಆ ಹನ್ನೊಂದು ವರ್ಷ ನೆನಪಾಯಿತು. ಗೋದಾಮಿನಲ್ಲಿ ಕಾರಿನ ಬಲಗಡೆ ಆಳೆತ್ತರ ಕಾಗದದ ಹೊರೆ. ಎಡಗಡೆಯಿಂದ ಮಾತ್ರ ಕೂರಲು ಜಾಗ. ಅಲ್ಲಿ ಕೂತು ಸ್ಪ್ಯಾನರನ್ನು ತನ್ನ ಕಡೆ ಎಳೆದರೆ ಎಂಜಿನ್ನು ಹಿಂದಕ್ಕೆ ತಿರುಗುತ್ತದೆ. ಸರಿಯಾಗಿ ತಿರುಗಿಸಬೇಕಾದರೆ ತಳ್ಳಬೇಕು, ತಳ್ಳಿದರೆ ಅವನಿಗೆ ಭುಜ ಹಿಡಿಯುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಬೆಲ್ಟು ಸಡಿಲವಾಗಿ ಹಲ್ಲು ಹಾರಬಹುದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ಬೈಯುತ್ತಿದ್ದವನು ಅವನೇ. ಒಂದು ಸುತ್ತಿಗೆ ಏನಾಗುತ್ತೆ ಬಿಡು ಎಂದು ಎಳೆದಿದ್ದ. ಯಾವ ತಿಂಗಳಲ್ಲೋ ಹಾರಿತ್ತು. ಕನ್ನಡಕದವನು ಅವನ ತಪ್ಪನ್ನೇ ಭಕ್ತಿಯಿಂದ ನಕಲು ಮಾಡಿಟ್ಟಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಹಗ್ಗ ಕಟ್ಟು, ಎಳೆದುಕೊಂಡು ಹೋಗು, ಒಂದು ಗಂಟೆಯ ಕೆಲಸ. ಕಾರು ತನ್ನದು, ಮೇಲೆ ಕೈಗುಣದ ಹೆಸರೂ ತನ್ನದು. ಮೇಸ್ತ್ರಿ ಮುಚ್ಚಳ ಎತ್ತಿಕೊಂಡು ಬೋಲ್ಟಿಗೆ ಕೈ ಹಾಕಿದ.

ಷಡ್ಡಕ ಕಾರಿನ ಬೆನ್ನು ಸವರುತ್ತಾ ನಿಂತಿದ್ದ. "ಇನ್ಮೇಲೆ ಇದರಲ್ಲಿ ಏನೇ ಕೆಟ್ಟಿದೆ ಅಂದ್ರೂ ಅದು ನಂದೇ ಕೆಲಸ ಅಂತ ಹೇಳಿ ಅಣ್ಣಾ. ಏನೋ ಒಂದು ಮಾಡಿ ಇದನ್ನ ಹಾಳು ಮಾಡಿದೋನು ನಾನು. ಅಷ್ಟಾದ್ರೂ ನಂಗೂ ಇದಕ್ಕೂ ಸಂಬಂಧ ಅಂತ ಉಳೀಲಿ."

ಸಂಬಂಧವಂತೆ! ಮೇಸ್ತ್ರಿಯ ಹೊಟ್ಟೆಯಲ್ಲಿ ಆ ಹಳೆಯ ಬೆಂಕಿ ಭಗ್ಗೆಂದಿತು. ಒಂದು ವರ್ಷದ ಈ ಭಾನುವಾರದ ಮೆಕ್ಯಾನಿಕ್ಕು ಕಾರು ತಗೊಂಡ, ಹೊಗಳಿಕೆ ತಗೊಂಡ, ಈಗ ಮೇಸ್ತ್ರಿಯ ಹನ್ನೊಂದು ವರ್ಷದ ಕೈಯ ಗುರುತನ್ನೂ ತನ್ನದೆಂದು ಎತ್ತಿಕೊಂಡು ಹೋಗುತ್ತಾನಾ? ಆ ಎಂಜಿನ್ನಿನೊಳಗೆ ಮೇಸ್ತ್ರಿಯದ್ದು ಎಂದು ಉಳಿದಿರುವುದೇ ಆ ಒಂದು ಹಲ್ಲು.

"ನಿಂದಲ್ಲ ಕಣೋ ಅದು!" ಎಂದು ಕಿರುಚಿದ. "ನಂದು! ತಿಂಗಳು ತಿಂಗಳೂ ಹಿಂದಕ್ಕೆ ತಿರುಗಿಸಿದೋನು ನಾನು. ಹಲ್ಲು ಹಾರಿಸಿದೋನು ನಾನು. ನಿನಗೆ ಕೆಡಿಸೋಕೂ ಬರಲ್ಲ, ತಿಳ್ಕೋ!"

ಷಡ್ಡಕ ಅವನನ್ನೇ ನೋಡಿದ. ಮೆಲ್ಲಗೆ ಅವನ ಮುಖ ಅರಳಿತು. "ಹಾಗಾದ್ರೆ ಅಣ್ಣಾ... ನನ್ನ ಕೈಯಿಂದ ಏನೂ ಕೆಟ್ಟಿಲ್ವಾ? ನಾನು ಮಾಡಿದ್ದೆಲ್ಲ ಸರಿಯಾಗಿದ್ಯಾ?"

ಮೇಸ್ತ್ರಿಗೆ ತಾನು ಏನು ಮಾಡಿಕೊಂಡೆ ಎಂದು ಹೊಳೆದದ್ದು ಆಗಲೇ. ಅಷ್ಟರಲ್ಲಿ ಷಡ್ಡಕ ಅಂಗಿಯ ತೋಳು ಮಡಚಿ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕೂತಾಗಿತ್ತು. ಇಬ್ಬರೂ ಸೇರಿ ಬೆಲ್ಟು ಸಡಿಲಿಸಿ, ಕಚ್ಚು ಹೊಂದಿಸಿ, ಮತ್ತೆ ಬಿಗಿದರು. ಕೀಲಿ ತಿರುಗಿಸಿದರೆ ಅದೇನು ಸದ್ದು ಸ್ವಾಮೀ! ಎಲ್ಲೂ ತಡವರಿಕೆಯಿಲ್ಲ, ಉಗುಳಿಲ್ಲ. ಸ್ಕ್ರೂಡ್ರೈವರ್ ಇಡುವ ಅಗತ್ಯವೇ ಇರಲಿಲ್ಲ. ಮಾರುವ ಮಾತನ್ನು ಷಡ್ಡಕ ಎತ್ತಲಿಲ್ಲ, ಮೇಸ್ತ್ರಿ ಕೇಳಲಿಲ್ಲ. ನಾದಿನಿ ಓಡಿಬಂದು ಪಕ್ಕದ ಸೀಟಿನಲ್ಲಿ ಕೂತಳು. ಕಾರಿನಲ್ಲಿ ಇರುವುದು ಎರಡೇ ಸೀಟು. ಕಾರು ಏರು ಹತ್ತಿ, ಬೀದಿಯ ತಿರುವು ದಾಟಿ, ಕಾಣದ ಮೇಲೂ ತುಂಬ ಹೊತ್ತು ಅದರ ಸದ್ದು ಮೇಸ್ತ್ರಿಗೆ ಕೇಳಿಸುತ್ತಲೇ ಇತ್ತು.

ವ್ಯಾನು ಖಾಲಿ ಬಂದದ್ದನ್ನು ನೋಡಿ ಹೆಂಡತಿ ಬಾಗಿಲಿಗೆ ಬಂದಳು.

"ಏನ್ರೀ, ಕಾರೆಲ್ಲಿ? ರಿಪೇರಿ ಆಗ್ಲಿಲ್ವಾ?"

"ಆಯ್ತು."

"ಓಡ್ತಾ?"

"ಓಡ್ತು."

"ಮತ್ಯಾಕೆ ಮುಖ ಹೀಗೆ?"

ಮೇಸ್ತ್ರಿ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತ. "ತುಂಬಾ ಚೆನ್ನಾಗಿ ಓಡ್ತು ಕಣೇ" ಎಂದ.